ಬಾನುಲಿ ನಿಲಯದ ಜಾಲತಾಣ: ಕೇಳುಗರ ಕೆಲಸಕ್ಕೆ ಬರುವಂತೆ ಕಟ್ಟುವುದು ಹೇಗೆ?

ಮೈಸೂರಿಗೆ ಬಾನುಲಿ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕವನ್ನು (ಟ್ರಾನ್ಸ್‌ಮಿಟರ್) ಇಟ್ಟು ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ನಿಲಯದ್ದಾಗಿತ್ತು. ಇಂದು ಯಾದವಗಿರಿಯ ಆಕಾಶವಾಣಿಯಿಂದ ಹಿಡಿದು ಸರಗೂರಿನ ಜನಧ್ವನಿಯಂಥ ಸಮುದಾಯ ಬಾನುಲಿಯವರೆಗೆ ಈ ಭಾಗದಲ್ಲಿ ಹಲವು ನಿಲಯಗಳಿವೆ. ಕೇಳುಗರ ಪೈಕಿ ಬಹಳ ಮಂದಿಯ ಕೈಯಲ್ಲಿ ಈಗ ಇರುವುದು ರೇಡಿಯೋ ಪೆಟ್ಟಿಗೆಯಲ್ಲ, ಮೊಬೈಲ್. ಹೀಗಿದ್ದೂ ಸಣ್ಣ ನಿಲಯಗಳ ಜಾಲತಾಣಗಳನ್ನು ತೆರೆದರೆ ಎದುರಾಗುವುದು ಉದ್ಘಾಟನೆಯ ಚಿತ್ರ, ಸಂಸ್ಥೆಯ ಧ್ಯೇಯೋದ್ದೇಶ ಮತ್ತು ಎಂದೋ ಹಾಕಿದ ಕಾರ್ಯಕ್ರಮ ಪಟ್ಟಿ.

ನಾಲ್ಕೈದು ಸಿಬ್ಬಂದಿ ಮತ್ತು ಒಂದಷ್ಟು ಸ್ವಯಂಸೇವಕರನ್ನು ನಂಬಿಕೊಂಡು ನಡೆಯುವ ಕಾಲೇಜು ಬಾನುಲಿ ಅಥವಾ ಸಮುದಾಯ ಬಾನುಲಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಬಾನುಲಿಯ ಜಾಲತಾಣಕ್ಕೆ ಎರಡೇ ಕೆಲಸ: ಪ್ರಸಾರ ತಪ್ಪಿಹೋದವರಿಗೆ ಅದನ್ನು ಮತ್ತೆ ದೊರಕಿಸಿಕೊಡುವುದು, ಮತ್ತು ಕೇಳಿದವರ ಮಾತನ್ನು ಮೈಕಿನವರೆಗೆ ತರುವುದು. ಈ ಎರಡರಲ್ಲಿ ಒಂದಕ್ಕೂ ನೆರವಾಗದ ಪುಟವನ್ನು ಕೈಬಿಟ್ಟರೆ ನಷ್ಟವೇನಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 1: ಬರುವವರು ಏನು ಹುಡುಕಿಕೊಂಡು ಬರುತ್ತಾರೆ?

ವಿನ್ಯಾಸಕಾರರನ್ನು ಕರೆಯುವ ಮುನ್ನ ನಿಲಯದ ದೂರವಾಣಿ ಎತ್ತುವವರನ್ನು ಕೂರಿಸಿಕೊಂಡು, ಕಳೆದ ಒಂದು ತಿಂಗಳಲ್ಲಿ ಕೇಳುಗರು ಏನೇನು ವಿಚಾರಿಸಿದರೆಂದು ಬರೆದುಕೊಳ್ಳಿ. ಮಂಡ್ಯ, ಮೈಸೂರು ಭಾಗದಲ್ಲಾದರೆ ಆ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ನಿನ್ನೆ ಬೆಳಗ್ಗೆ ಡಾಕ್ಟರು ಮಾತಾಡಿದ್ದು ಮತ್ತೆ ಯಾವಾಗ ಬರುತ್ತದೆ, ನಮ್ಮ ಶಾಲೆಯ ಮಕ್ಕಳ ಹಾಡು ಎಂದು ಪ್ರಸಾರವಾಗುತ್ತದೆ, ಕೃಷಿ ಕಾರ್ಯಕ್ರಮದಲ್ಲಿ ಹೇಳಿದ ಔಷಧಿಯ ಹೆಸರೇನು, ನಾಲೆಗೆ ನೀರು ಬಿಡುವುದು ಎಂದು, ಕೋರಿಕೆಗೆ ಯಾವ ನಂಬರಿಗೆ ಕರೆ ಮಾಡಬೇಕು. ನಿಲಯದ ಧ್ಯೇಯೋದ್ದೇಶವೇನೆಂದು ಯಾರೂ ಕೇಳಿರುವುದಿಲ್ಲ.

ಮುಖಪುಟವನ್ನು ಈ ಪಟ್ಟಿಯ ಮೇಲೆಯೇ ಕಟ್ಟಬೇಕು. ಮೊಬೈಲಿನ ಪರದೆಯಲ್ಲಿ ಬೆರಳಾಡಿಸುವ ಮೊದಲೇ ನಾಲ್ಕು ಸಂಗತಿಗಳು ಕಾಣುವಂತಿರಲಿ: ಈಗ ಪ್ರಸಾರವಾಗುತ್ತಿರುವುದು ಏನು ಮತ್ತು ಅದನ್ನು ಕೇಳುವ ಗುಂಡಿ, ಮುಂದಿನ ಕಾರ್ಯಕ್ರಮ, ತಪ್ಪಿಹೋದದ್ದನ್ನು ಹುಡುಕುವ ಜಾಗ, ನಿಲಯಕ್ಕೆ ಮಾತು ತಲುಪಿಸುವ ದಾರಿ. ಇವುಗಳ ಜೊತೆಗೆ ನಿಮ್ಮ ಊರಿನವರು ದಿನವೂ ಕಾಯುವ ಒಂದು ಮಾಹಿತಿಯನ್ನು ಸೇರಿಸಿದರೆ ಜನ ತಾವಾಗಿಯೇ ಬಂದು ಹೋಗುತ್ತಾರೆ. ಕಾವೇರಿ ಬಯಲಿನಲ್ಲಿ ಅದು ಯಾವುದೆಂದು ಹುಡುಕಬೇಕಾಗಿಲ್ಲ: ಗರಿಷ್ಠ 124.80 ಅಡಿಯ ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ನೀರಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು. ಆದರೆ ಒಂದು ಎಚ್ಚರಿಕೆ ಬೇಕು. ದಿನವೂ ಬದಲಿಸಲು ಒಬ್ಬರನ್ನು ನೇಮಿಸಲಾಗದಿದ್ದರೆ ಅದನ್ನು ಹಾಕಲೇಬೇಡಿ, ಹಾಕಿದರೆ ಯಾವ ದಿನಾಂಕದ, ಎಷ್ಟು ಗಂಟೆಯ ಅಂಕಿಯೆಂದು ಪಕ್ಕದಲ್ಲೇ ಬರೆಯಿರಿ.

ಹಂತ 2: ನೇರ ಪ್ರಸಾರವನ್ನು ಅಂತರ್ಜಾಲಕ್ಕೆ ಏರಿಸುವುದು

ಸಮುದಾಯ ಬಾನುಲಿಗೆ ಅನುಮತಿ ಇರುವುದು ಸಾಮಾನ್ಯವಾಗಿ 100 ವ್ಯಾಟ್ ಶಕ್ತಿಗೆ. ಪ್ರಸಾರ ಸುತ್ತಲಿನ ಹತ್ತು ಹನ್ನೆರಡು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಊರು ಬಿಟ್ಟು ಬೆಂಗಳೂರಿನ ಪೀಣ್ಯದಲ್ಲೋ ದುಬೈಯಲ್ಲೋ ದುಡಿಯುತ್ತಿರುವವರಿಗೆ ಇರುವ ಒಂದೇ ದಾರಿ ಸ್ಟ್ರೀಮ್, ಅಂದರೆ ಅಂತರ್ಜಾಲದ ಮೂಲಕ ಹರಿದುಬರುವ ನೇರ ಪ್ರಸಾರ.

ಇದಕ್ಕೆ ಬೇಕಾದ ಸಾಮಗ್ರಿ ಕಡಿಮೆ. ಸ್ಟುಡಿಯೋದ ಮಿಕ್ಸರ್‌ನಿಂದ ಪ್ರೇಷಕಕ್ಕೆ ಹೋಗುವ ಧ್ವನಿಯ ಒಂದು ಕವಲನ್ನು ಕಂಪ್ಯೂಟರಿಗೆ ಕೊಟ್ಟು, ‘ಬಟ್’ ಎಂಬಂಥ ಉಚಿತ ತಂತ್ರಾಂಶದಿಂದ ಅದನ್ನು ಸಂಕುಚಿಸಿ, ‘ಐಸ್‌ಕಾಸ್ಟ್’ ಎಂಬ ಉಚಿತ ಸರ್ವರ್ ತಂತ್ರಾಂಶಕ್ಕೆ ಕಳುಹಿಸಬೇಕು; ಕೇಳುಗರೆಲ್ಲರಿಗೂ ಹಂಚುವುದು ಆ ಸರ್ವರ್‌ನ ಕೆಲಸ. ಸರ್ವರನ್ನು ನಿಲಯದ ಕೋಣೆಯಲ್ಲಿಡದೆ ಬಾಡಿಗೆಗೆ ಪಡೆಯುವುದು ಒಳ್ಳೆಯದು, ಏಕೆಂದರೆ ನಿಲಯದಿಂದ ಆಗ ಒಂದೇ ಪ್ರತಿ ಹೊರಗೆ ಹೋದರೆ ಸಾಕು. ಕೆಲವರು ಎಫ್‌ಎಂ ಟ್ಯೂನರ್‌ನಿಂದ ಧ್ವನಿ ಹಿಡಿದು ಸ್ಟ್ರೀಮಿಗೆ ಕೊಡುತ್ತಾರೆ. ಅದರಿಂದ ಪ್ರೇಷಕ ನಿಂತದ್ದು ಕೂಡಲೇ ತಿಳಿಯುತ್ತದೆ ಎಂಬುದು ನಿಜ, ಆದರೆ ಗೊರಗೊರ ಸದ್ದೂ ಜೊತೆಗೇ ಹೋಗುತ್ತದೆ.

ಧ್ವನಿಯ ಗುಣಮಟ್ಟವನ್ನು ನಿರ್ಧರಿಸುವಾಗ ಕೇಳುಗರ ಡೇಟಾ ಲೆಕ್ಕವನ್ನೂ ಹಾಕಬೇಕು. ಸೆಕೆಂಡಿಗೆ 128 ಕಿಲೋಬಿಟ್ ವೇಗದಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ ಖರ್ಚಾಗುತ್ತದೆ, 64ರಲ್ಲಿ ಸುಮಾರು 29, 32ರಲ್ಲಿ ಸುಮಾರು 14. ಮಾತೇ ಪ್ರಧಾನವಾದ ನಿಲಯಕ್ಕೆ ಹೊಸ ಬಗೆಯ ಎಎಸಿ ಸಂಕೋಚನದಲ್ಲಿ 32 ಕಿಲೋಬಿಟ್ ಸಾಕಾಗುತ್ತದೆ. ವೀಣೆ, ಕೊಳಲು ಕೇಳುವವರಿಗಾಗಿ 64ರದ್ದೂ ಇರಲಿ. ಎರಡು ಗುಂಡಿಗಳನ್ನಿಟ್ಟು ‘ಕಡಿಮೆ ಡೇಟಾ’, ‘ಉತ್ತಮ ಧ್ವನಿ’ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ನಿಮ್ಮ ಸರ್ವರ್‌ನ ಲೆಕ್ಕವೂ ಇದರಿಂದಲೇ ತಿಳಿಯುತ್ತದೆ: 64 ಕಿಲೋಬಿಟ್‌ನಲ್ಲಿ 100 ಮಂದಿ ಏಕಕಾಲಕ್ಕೆ ಕೇಳಿದರೆ ಸೆಕೆಂಡಿಗೆ 6.4 ಮೆಗಾಬಿಟ್ ಬೇಕು.

ಸ್ಟ್ರೀಮ್ ಕೇಳಿಸುತ್ತಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಎರಡು ಜಾಗಗಳಿವೆ. ಐಸ್‌ಕಾಸ್ಟ್ ತನ್ನಷ್ಟಕ್ಕೆ 8000ನೇ ಪೋರ್ಟಿನಲ್ಲಿ (ಕಂಪ್ಯೂಟರಿಗೆ ಮಾಹಿತಿ ಬಂದುಹೋಗುವ, ಸಂಖ್ಯೆಯಿಟ್ಟ ಬಾಗಿಲು) ಕೆಲಸ ಮಾಡುತ್ತದೆ, ಹಲವು ಕಚೇರಿ ಮತ್ತು ಕಾಲೇಜುಗಳ ಜಾಲಗಳಲ್ಲಿ ಆ ಪೋರ್ಟನ್ನು ಮುಚ್ಚಿರುತ್ತಾರೆ. ಜೊತೆಗೆ, ಜಾಲತಾಣ https ಎಂದು ಆರಂಭವಾಗುವ ಸುರಕ್ಷಿತ ವಿಳಾಸದಲ್ಲಿದ್ದು ಸ್ಟ್ರೀಮ್ ಮಾತ್ರ ಹಳೆಯ ಅಸುರಕ್ಷಿತ ವಿಳಾಸದಲ್ಲಿದ್ದರೆ ಬ್ರೌಸರ್ ಅದನ್ನು ತಡೆಯಬಹುದು. ಸ್ಟ್ರೀಮನ್ನೂ ಸುರಕ್ಷಿತ ವಿಳಾಸದ ಮಾಮೂಲಿ 443ನೇ ಪೋರ್ಟಿಗೆ ತಂದರೆ ಈ ಎರಡು ತೊಡಕುಗಳೂ ಒಟ್ಟಿಗೆ ನಿವಾರಣೆಯಾಗುತ್ತವೆ. ನಿಲಯದಲ್ಲಿ ಕರೆಂಟು ಹೋದಾಗ ಕೇಳುಗರನ್ನು ಮೊದಲೇ ಇಟ್ಟ ಧ್ವನಿಮುದ್ರಣದ ಕಡೆಗೆ ಸಾಗಹಾಕುವ ಬದಲಿ ವ್ಯವಸ್ಥೆಯೂ ಐಸ್‌ಕಾಸ್ಟ್‌ನಲ್ಲಿದೆ. ‘ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ನಿಮ್ಮ ಉದ್ಘೋಷಕಿಯೇ ಹೇಳಿದ್ದನ್ನು ಅಲ್ಲಿಡಿ. ಮೌನಕ್ಕಿಂತ ಅದು ಎಷ್ಟೋ ಮೇಲು.

ಪುಟ ತೆರೆದೊಡನೆ ಧ್ವನಿ ತಾನಾಗಿ ಹೊರಡುವಂತೆ ಮಾಡಬೇಡಿ. ಕ್ರೋಮ್ ಬ್ರೌಸರ್ 2018ರಿಂದ ಅಂಥದ್ದನ್ನು ಹೆಚ್ಚಾಗಿ ತಡೆಯುತ್ತದೆ. ತಡೆಯದಿದ್ದರೂ ಬಸ್ಸಿನಲ್ಲಿ ಕುಳಿತವರಿಗೆ ಅದು ಮುಜುಗರದ ಸಂಗತಿಯೇ. ಇನ್ನು, ಸ್ಟ್ರೀಮ್ ಯಾವಾಗಲೂ ಎಫ್‌ಎಂಗಿಂತ ಹಿಂದಿರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದವರೆಗೂ. ಹಾಗಾಗಿ ‘ಈಗ ಸಮಯ ಎಂಟು ಗಂಟೆ’ ಎಂಬ ಘೋಷಣೆಯನ್ನು ಮೊಬೈಲಿನಲ್ಲಿ ಕೇಳಿ ಗಡಿಯಾರ ಹೊಂದಿಸಿಕೊಳ್ಳುವಂತಿಲ್ಲ. ಮೊದಲು ಕರೆ ಮಾಡಿದವರಿಗೆ ಬಹುಮಾನ ಎಂಬ ಸ್ಪರ್ಧೆಯಲ್ಲಿ ದೂರದ ಕೇಳುಗರು ಎಂದಿಗೂ ಗೆಲ್ಲುವುದಿಲ್ಲ. ಉತ್ತರಕ್ಕೆ ಸಂಜೆಯವರೆಗೆ ಸಮಯ ಕೊಟ್ಟು ಸರಿಯುತ್ತರ ಕಳುಹಿಸಿದವರಲ್ಲಿ ಚೀಟಿ ಎತ್ತುವುದು ನ್ಯಾಯ.

ಹಂತ 3: ಹಾಡುಗಳ ಹಕ್ಕು

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ 31ಡಿ ಕಲಮು, ಮುಂಚಿತವಾಗಿ ತಿಳಿಸಿ ನಿಗದಿತ ರಾಯಧನ ಕೊಟ್ಟು ಹಾಡುಗಳನ್ನು ಪ್ರಸಾರ ಮಾಡುವ ಅವಕಾಶವನ್ನು ಪ್ರಸಾರ ಸಂಸ್ಥೆಗಳಿಗೆ ನೀಡಿದೆ. ಆದರೆ ಆ ಅವಕಾಶ ಬಾನುಲಿ ಮತ್ತು ದೂರದರ್ಶನ ಪ್ರಸಾರಕ್ಕೆ ಸೀಮಿತ, ಅಂತರ್ಜಾಲದ ಸ್ಟ್ರೀಮಿಂಗ್‌ಗೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟು 2019ರಲ್ಲಿ ತೀರ್ಪಿತ್ತಿದೆ. ಅಂದರೆ ಎಫ್‌ಎಂನಲ್ಲಿ ಚಿತ್ರಗೀತೆ ಹಾಕಲು ನಿಮ್ಮ ಬಳಿ ಇರುವ ಪರವಾನಗಿ, ಅದೇ ಹಾಡನ್ನು ಜಾಲತಾಣದಲ್ಲಿ ಕೇಳಿಸಲು ಸಾಲದೆ ಹೋಗಬಹುದು. ಅದನ್ನು ಧ್ವನಿಮುದ್ರಣವಾಗಿ ಏರಿಸಿಡುವುದಂತೂ ಇನ್ನೂ ಬೇರೆಯದೇ ಬಗೆಯ ಬಳಕೆ.

ಸಣ್ಣ ನಿಲಯಕ್ಕೆ ಸುಲಭವಾದ ದಾರಿಯೆಂದರೆ, ಅಂತರ್ಜಾಲದ ಬಳಕೆಯನ್ನೂ ಒಳಗೊಂಡ ಪರವಾನಗಿ ಕೈಗೆ ಬರುವವರೆಗೆ ಚಿತ್ರಗೀತೆಯ ಅವಧಿಯಲ್ಲಿ ಸ್ಟ್ರೀಮಿಗೆ ಬೇರೆ ಕಾರ್ಯಕ್ರಮ ಕೊಡುವುದು. ಊರಿನವರದೇ ಸೋಬಾನೆ ಪದ, ರಾಗಿ ಬೀಸುವ ಪದ, ಕಂಸಾಳೆ, ನೀಲಗಾರರ ಮಂಟೇಸ್ವಾಮಿ ಕಾವ್ಯ: ಇವನ್ನು ನೀವೇ ಧ್ವನಿಮುದ್ರಿಸಿಕೊಂಡರೆ ಬೇರೆಲ್ಲೂ ಸಿಗದ ಸಂಗ್ರಹವಾಗುತ್ತದೆ. ಹಾಡಿದವರಿಂದ ‘ಎಫ್‌ಎಂನಲ್ಲಿಯೂ ಅಂತರ್ಜಾಲದಲ್ಲಿಯೂ ಬಳಸಬಹುದು’ ಎಂಬ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಬರೆಯಲು ಬಾರದವರಾದರೆ ಅದೇ ಮಾತನ್ನು ಅವರ ಬಾಯಲ್ಲೇ ಹೇಳಿಸಿ ಮುದ್ರಿಸಿಕೊಳ್ಳಿ. ಭಾವಗೀತೆಯಾದರೆ ಕವಿಯ ಹಕ್ಕನ್ನೂ ನೋಡಬೇಕು. ನಮ್ಮಲ್ಲಿ ಆ ಹಕ್ಕು ಕವಿಯ ನಿಧನದ ನಂತರದ 60 ವರ್ಷಗಳವರೆಗೆ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಕವಿತೆಗಳನ್ನು ಹೊಸದಾಗಿ ಹಾಡಿಸಲು ಈಗ ಯಾರನ್ನೂ ಕೇಳಬೇಕಾಗಿಲ್ಲ, 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದಕ್ಕೆ 2054ರ ಕೊನೆಯವರೆಗೂ ಅನುಮತಿ ಬೇಕು.

ಹಂತ 4: ಕಾರ್ಯಕ್ರಮ ಪಟ್ಟಿ

ಪಟ್ಟಿಯನ್ನು ಚಿತ್ರವನ್ನಾಗಿಯೋ ಪಿಡಿಎಫ್ ಆಗಿಯೋ ಹಾಕುವ ಅಭ್ಯಾಸವನ್ನು ಬಿಡಬೇಕು. ಚಿತ್ರದೊಳಗಿನ ಅಕ್ಷರವನ್ನು ಹುಡುಕು ಯಂತ್ರಗಳು ನೆಚ್ಚಿಕೊಳ್ಳುವಂತೆ ಓದಲಾರವು, ಸಣ್ಣ ಪರದೆಯಲ್ಲಿ ಅದನ್ನು ಹಿಗ್ಗಿಸಿ ಓದುವುದು ತ್ರಾಸ, ದೃಷ್ಟಿ ಇಲ್ಲದವರ ಮೊಬೈಲು ಅದನ್ನು ಓದಿ ಹೇಳಲಾರದು. ಬಾನುಲಿಯನ್ನು ಅತ್ಯಂತ ನಿಷ್ಠೆಯಿಂದ ಕೇಳುವವರಲ್ಲಿ ದೃಷ್ಟಿ ಇಲ್ಲದವರೂ ಇದ್ದಾರೆ ಎಂಬುದನ್ನು ಯಾವ ನಿಲಯದವರಿಗೂ ನೆನಪಿಸಬೇಕಾಗಿಲ್ಲ. ಅದೇ ಕಾರಣಕ್ಕೆ ಕೇಳುವ ಗುಂಡಿಗೆ ಬರಿಯ ತ್ರಿಕೋನ ಚಿಹ್ನೆ ಇಡದೆ, ಪರದೆ ಓದುವ ತಂತ್ರಾಂಶಕ್ಕೆ ಸಿಗುವಂತೆ ‘ನೇರ ಪ್ರಸಾರ ಕೇಳಿ’ ಎಂಬ ಹೆಸರನ್ನೂ ಅದಕ್ಕೆ ಅಂಟಿಸಿ.

ಕನ್ನಡದವರಿಗೇ ಮೀಸಲಾದ ಒಂದು ತೊಡಕು ಇಲ್ಲಿದೆ. ನಿಲಯದ ಕ್ಯೂ ಶೀಟನ್ನು, ಅಂದರೆ ದಿನದ ಪ್ರಸಾರದ ಅನುಕ್ರಮ ಪಟ್ಟಿಯನ್ನು, ವರ್ಷಗಳಿಂದ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿರುತ್ತಾರೆ. ಅದನ್ನು ನಕಲಿಸಿ ಜಾಲತಾಣಕ್ಕೆ ಅಂಟಿಸಿದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕ ತಂತ್ರಾಂಶದಿಂದ ಎಲ್ಲ ಸಾಧನಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿದ ಮೇಲೂ ಒಮ್ಮೆ ಕಣ್ಣಾಡಿಸಬೇಕು, ಏಕೆಂದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಅತಿಥಿಯ ಹೆಸರಿನಲ್ಲೇ ಅದು ನುಸುಳಿದರೆ ಅವರಿಗೆ ಬೇಸರವಾಗುತ್ತದೆ. ಇನ್ನು ಮುಂದೆ ಕ್ಯೂ ಶೀಟನ್ನೇ ಯೂನಿಕೋಡ್‌ನಲ್ಲಿ ಟೈಪಿಸುವಂತೆ ಒಮ್ಮೆ ನಿಯಮ ಮಾಡಿಬಿಟ್ಟರೆ ಎರಡು ಸಲ ಕೆಲಸ ಮಾಡುವುದು ತಪ್ಪುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ ಎಂಬುದನ್ನು ವಿನ್ಯಾಸಕಾರರಿಗೆ ಹೇಳಿ.

ಹುಡುಕಾಟದ ವಿಷಯದಲ್ಲಿಯೂ ಒಂದು ವಾಸ್ತವವನ್ನು ಒಪ್ಪಿಕೊಳ್ಳಬೇಕು. ಕನ್ನಡವನ್ನೇ ಮಾತಾಡುವ ಎಷ್ಟೋ ಮಂದಿ ಮೊಬೈಲಿನಲ್ಲಿ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಟೈಪು ಮಾಡುತ್ತಾರೆ. ಪ್ರತಿ ಕಾರ್ಯಕ್ರಮದ ಹೆಸರನ್ನೂ ರೋಮನ್ ಲಿಪಿಯ ಒಂದೆರಡು ಕಾಗುಣಿತಗಳಲ್ಲಿ ಪುಟದ ವಿವರದೊಳಗೆ ಸೇರಿಸಿಟ್ಟರೆ ಅವರಿಗೂ ಅದು ಸಿಗುತ್ತದೆ.

ಹಂತ 5: ತಪ್ಪಿಹೋದ ಕಾರ್ಯಕ್ರಮಗಳ ಕಪಾಟು

ಜಾಲತಾಣದ ಜೀವ ಇರುವುದು ಇಲ್ಲಿ. ಬೆಳಗಿನ ಆರೋಗ್ಯ ಭಾಷಣ ಪ್ರಸಾರವಾಗುವ ಹೊತ್ತಿಗೆ ಹಾಲು ಕರೆದು ಡೇರಿಗೆ ಹಾಕಲು ಹೋದ ಹೆಂಗಸಿಗೆ ಆ ಭಾಷಣ ಮತ್ತೆ ಸಿಗುವುದು ಈ ಕಪಾಟಿನಿಂದ ಮಾತ್ರ. ಸಮುದಾಯ ಬಾನುಲಿಗಳು ತಮ್ಮ ಪ್ರಸಾರವನ್ನು ಮೂರು ತಿಂಗಳು ಕಾಪಿಡಬೇಕೆಂಬುದು ಅನುಮತಿಯ ಷರತ್ತುಗಳಲ್ಲಿಯೇ ಇದೆ. ಹೇಗೂ ಇಟ್ಟುಕೊಳ್ಳಬೇಕಾದ ಧ್ವನಿಮುದ್ರಣವನ್ನು ಕತ್ತರಿಸಿ, ಹೆಸರಿಟ್ಟು, ಕೇಳುಗರಿಗೆ ತೆರೆದಿಡುವುದಷ್ಟೇ ಹೆಚ್ಚಿನ ಕೆಲಸ.

ಎಲ್ಲವನ್ನೂ ಏರಿಸಲು ಹೋಗಬೇಡಿ. ದಿನದ ಪ್ರಸಾರದಲ್ಲಿ ನಾಳೆಯೂ ಬೆಲೆ ಉಳಿಸಿಕೊಳ್ಳುವಂಥದ್ದು ಒಂದೋ ಎರಡೋ ಇರುತ್ತದೆ: ವೈದ್ಯರ ಸಂದರ್ಶನ, ಕೃಷಿ ಮಾಹಿತಿ, ನಾಟಕ, ಹಿರಿಯರೊಬ್ಬರ ನೆನಪು. ಅವನ್ನು ಆರಿಸಿಕೊಂಡು ಆರಂಭದ ಸಂಕೇತ ಸಂಗೀತ, ನಡುವಿನ ಜಾಹೀರಾತು, ‘ಮತ್ತೆ ನಾಳೆ ಇದೇ ಸಮಯಕ್ಕೆ’ ಎಂಬ ವಿದಾಯಗಳನ್ನು ಕತ್ತರಿಸಿ. ನಂತರ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಧ್ವನಿಮಟ್ಟವನ್ನು ಒಂದೇ ಅಳತೆಗೆ ತನ್ನಿ. ಪಾಡ್‌ಕಾಸ್ಟ್‌ಗಳಲ್ಲಿ ರೂಢಿಯಲ್ಲಿರುವುದು ಸ್ಟೀರಿಯೋಗೆ ಮೈನಸ್ 16, ಮೋನೋಗೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಗಟ್ಟಿತನದ ಅಳತೆ). ಇದನ್ನು ಮಾಡದಿದ್ದರೆ ಒಂದು ಕಾರ್ಯಕ್ರಮ ಪಿಸುಮಾತಿನಂತೆಯೂ ಮುಂದಿನದು ಕಿವಿ ಗಡಚಿಕ್ಕುವಂತೆಯೂ ಕೇಳಿಸುತ್ತದೆ.

ಆಮೇಲೆ ಶೀರ್ಷಿಕೆ. ‘ಕೃಷಿ ಕಾರ್ಯಕ್ರಮ, ಭಾಗ 212’ ಎಂದು ಬರೆದರೆ ಅದನ್ನು ತೆರೆಯುವವರು ನಿಲಯದವರು ಮಾತ್ರ. ಒಂದು ಪುಟ ಹೇಗಿರಬೇಕು ಎಂಬುದಕ್ಕೆ ಇಲ್ಲೊಂದು ಮಾದರಿ ಬರೆದು ತೋರಿಸುತ್ತೇನೆ:

‘ಭತ್ತದ ಬೆಂಕಿ ರೋಗ: ಗುರುತಿಸುವುದು, ಹತೋಟಿಗೆ ತರುವುದು. ಎಲೆಯ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ ಚುಕ್ಕೆಗಳು ಕಂಡರೆ ಏನು ಮಾಡಬೇಕು? ಯೂರಿಯಾ ಹೆಚ್ಚಾದರೆ ರೋಗ ಏಕೆ ಜೋರಾಗುತ್ತದೆ? ಬೀಜೋಪಚಾರ ಹೇಗೆ? ಮಂಡ್ಯದ ವಿ.ಸಿ. ಫಾರಂನ ವಿಜ್ಞಾನಿಯೊಂದಿಗೆ ಮಾತುಕತೆ. ರೋಗದ ಲಕ್ಷಣ 2ನೇ ನಿಮಿಷದಿಂದ, ಔಷಧಿ ಮತ್ತು ಪ್ರಮಾಣ 9ನೇ ನಿಮಿಷದಿಂದ, ರೈತರ ಪ್ರಶ್ನೆಗಳು 14ನೇ ನಿಮಿಷದಿಂದ. ಅವಧಿ 26 ನಿಮಿಷ. ಪ್ರಸಾರವಾದ ದಿನಾಂಕ ಇಂಥದ್ದು.’

ಇದರ ಕೆಳಗೆ, ಕಾರ್ಯಕ್ರಮದಲ್ಲಿ ಹೇಳಿದ ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಅಕ್ಷರದಲ್ಲಿಯೂ ಕೊಡಿ. ಕೇಳುವಾಗ ಪೆನ್ನು ಹುಡುಕುವಷ್ಟರಲ್ಲಿ ಹೆಸರು ಹೋಗಿಬಿಡುತ್ತದೆ ಎಂಬುದು ಬಾನುಲಿಯ ಹಳೆಯ ಕೊರತೆ. ಅದನ್ನು ತುಂಬುವ ಶಕ್ತಿ ಇರುವುದು ಜಾಲತಾಣಕ್ಕೆ. ಬರೆದ ಪ್ರಮಾಣವನ್ನು ವಿಜ್ಞಾನಿಗೇ ಒಮ್ಮೆ ತೋರಿಸಿ ಏರಿಸಿದರೆ ಹತ್ತು ಮಿಲಿಲೀಟರ್ ನೂರಾಗುವ ಅನಾಹುತ ತಪ್ಪುತ್ತದೆ.

ದಿನಾಂಕವನ್ನು ಶೀರ್ಷಿಕೆಯ ಹತ್ತಿರವೇ ಇಡಬೇಕೆನ್ನುವುದಕ್ಕೂ ಕಾರಣವಿದೆ. ಎಂಡೋಸಲ್ಫಾನ್ ಕೀಟನಾಶಕವನ್ನು ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರಲ್ಲಿ. ಅದಕ್ಕೂ ಹಿಂದಿನ ಕೃಷಿ ಭಾಷಣವೊಂದನ್ನು ಹಳೆಯ ಸಂಗ್ರಹದಿಂದ ತೆಗೆದು ಹಾಗೆಯೇ ಏರಿಸಿದರೆ, ಅದರ ಸಲಹೆಯನ್ನು ಇಂದಿನದೆಂದೇ ತಿಳಿದುಕೊಳ್ಳುವವರು ಇರುತ್ತಾರೆ. ಹಳೆಯ ಕೃಷಿ, ಆರೋಗ್ಯ, ಸರ್ಕಾರಿ ಯೋಜನೆಯ ಕಾರ್ಯಕ್ರಮಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ, ಸಲಹೆ ಹಳತಾಗಿದ್ದರೆ ಪುಟದ ನೆತ್ತಿಯ ಮೇಲೆಯೇ ಹಾಗೆಂದು ಬರೆಯಬೇಕು ಅಥವಾ ತೆಗೆದುಹಾಕಬೇಕು. ನಾಟಕಕ್ಕೂ ಹಿರಿಯರ ನೆನಪಿಗೂ ಈ ಗೊಡವೆ ಇಲ್ಲ.

ಪಾಡ್‌ಕಾಸ್ಟ್ ಆಪ್‌ಗಳಿಗೆ ಬೇಕಾದ ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳ ವಿವರವನ್ನು ಆಪ್‌ಗಳಿಗೆ ತಾನಾಗಿ ತಲುಪಿಸುವ ಕಡತ) ನಿಮ್ಮದೇ ಡೊಮೇನ್‌ನಲ್ಲಿ, ಅಂದರೆ ನಿಮ್ಮದೇ ಜಾಲತಾಣದ ವಿಳಾಸದಲ್ಲಿ ಇರಲಿ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಸ್ವಂತ ಫೀಡ್ ಇದ್ದವರು ಅದೇ ವಿಳಾಸವನ್ನು ಬೇರೆ ಆಪ್‌ಗಳಿಗೆ ಕೊಟ್ಟು ಮುಂದುವರಿದರು. ಹಳ್ಳಿಗಳಲ್ಲಿ ಪಾಡ್‌ಕಾಸ್ಟ್ ಆಪ್‌ಗಿಂತ ಯೂಟ್ಯೂಬ್ ಬಳಸುವವರು ಹೆಚ್ಚು ಎಂಬುದನ್ನು ಮರೆಯುವಂತಿಲ್ಲ, ಆದ್ದರಿಂದ ಸ್ಥಿರ ಚಿತ್ರವೊಂದನ್ನು ಸೇರಿಸಿ ಅಲ್ಲಿಯೂ ಹಾಕಿ. ಆದರೆ ಮೂಲ ಕಡತ ನಿಮ್ಮ ಬಳಿಯೇ ಇರಲಿ.

ಹಂತ 6: ಕೇಳುಗರ ಮಾತನ್ನು ಮೈಕಿಗೆ ತರುವುದು

ಕೇಳುಗರ ಜೊತೆ ಬಾನುಲಿ ಸಂವಾದ ನಡೆಸಬಹುದು ಎಂಬುದು ಅಂತರ್ಜಾಲದಿಂದ ಹುಟ್ಟಿದ ವಿಚಾರವಲ್ಲ. ಆಕಾಶವಾಣಿ ಮತ್ತು ಯುನೆಸ್ಕೋ ಸೇರಿ 1956ರಲ್ಲಿ ಪುಣೆಯ ಸುತ್ತಮುತ್ತಲ 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮೀಣ ಕೂಟಗಳನ್ನು ನಡೆಸಿದವು. ಊರವರು ಗುಂಪಾಗಿ ಕುಳಿತು ಪ್ರಸಾರ ಕೇಳುತ್ತಿದ್ದರು, ಚರ್ಚಿಸುತ್ತಿದ್ದರು, ಅವರ ಪ್ರಶ್ನೆಗಳು ನಿಲಯಕ್ಕೆ ಹೋಗಿ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಬರುತ್ತಿತ್ತು. ಇಂದಿನ ಜಾಲತಾಣ ಈ ಸುತ್ತನ್ನು ಇನ್ನಷ್ಟು ಚುರುಕಾಗಿಸಬಲ್ಲದು. ಸುತ್ತು ಪೂರ್ಣವಾಗದಿದ್ದರೆ, ಅಂದರೆ ಬಂದ ಸಂದೇಶ ಪ್ರಸಾರಕ್ಕೆ ತಲುಪದಿದ್ದರೆ, ಎಷ್ಟು ಲೈಕುಗಳು ಬಂದರೂ ಅದು ಲೆಕ್ಕಕ್ಕಿಲ್ಲ.

ಹೆಸರು, ಇಮೇಲ್, ವಿಷಯ, ಸಂದೇಶ ಎಂಬ ನಾಲ್ಕು ಚೌಕಗಳ ಅರ್ಜಿಯನ್ನು ತುಂಬುವವರು ಕಡಿಮೆ. ವಾಟ್ಸಾಪ್‌ನಲ್ಲಿ ಮೈಕಿನ ಗುರುತು ಒತ್ತಿ ಮಾತಾಡುವುದು ಎಲ್ಲರಿಗೂ ಬರುತ್ತದೆ. ಆದ್ದರಿಂದ ‘ನಿಮ್ಮ ಮಾತು ಕಳುಹಿಸಿ’ ಎಂಬ ಗುಂಡಿ ನೇರವಾಗಿ ನಿಲಯದ ವಾಟ್ಸಾಪ್ ಸಂಖ್ಯೆಗೆ ಹೋಗಲಿ. ಆ ಸಂಖ್ಯೆ ನಿಲಯದ್ದಾಗಿರಬೇಕು, ಯಾವುದೇ ಸಿಬ್ಬಂದಿಯ ಸ್ವಂತದ್ದಲ್ಲ.

ಪಾಂಡವಪುರದ ಕಡೆಯ ಒಬ್ಬ ಕೇಳುಗರು ಧ್ವನಿ ಸಂದೇಶ ಕಳುಹಿಸಿದರೆಂದು ಇಟ್ಟುಕೊಳ್ಳೋಣ: ‘ಅಕ್ಕಾ, ನಿನ್ನೆ ಡಾಕ್ಟ್ರು ಸಕ್ಕರೆ ಕಾಯಿಲೆ ವಿಚಾರ ಹೇಳುದ್ರಲ್ಲ, ಮುದ್ದೆ ತಿನ್ನಬೋದಾ ಬ್ಯಾಡ್ವಾ ಅಂತ ಸರಿಯಾಗಿ ಕೇಳಿಸ್ಲಿಲ್ಲ.’ ಸಂದೇಶ ಬಂದ ದಿನವೇ, ‘ನಿಮ್ಮ ಪ್ರಶ್ನೆ ಸಿಕ್ಕಿತಮ್ಮ. ನಿಮ್ಮ ದನಿಯನ್ನೇ ರೇಡಿಯೋದಲ್ಲಿ ಹಾಕಬಹುದೇ? ಹೆಸರು, ಊರು ಹೇಳಬಹುದೇ?’ ಎಂದು ಉದ್ಘೋಷಕಿ ಕೇಳಬೇಕು. ಎರಡಕ್ಕೂ ಬೇರೆ ಬೇರೆಯಾಗಿ ಒಪ್ಪಿಗೆ ಬೇಕು, ಏಕೆಂದರೆ ಕಾಯಿಲೆಯ ವಿಷಯದಲ್ಲಿ ಎಷ್ಟೋ ಮಂದಿ ಊರಿನ ಹೆಸರನ್ನೂ ಹೇಳಿಕೊಳ್ಳಲು ಇಷ್ಟಪಡುವುದಿಲ್ಲ. ಮುಂದಿನ ವಾರ ಆಕೆಯ ದನಿ, ಅದರ ಬೆನ್ನಿಗೇ ವೈದ್ಯರ ಉತ್ತರ ಪ್ರಸಾರವಾಗಬೇಕು. ಪ್ರಸಾರದ ದಿನವನ್ನು ಆಕೆಗೆ ಮುಂಚಿತವಾಗಿ ತಿಳಿಸಬೇಕು, ಉತ್ತರವನ್ನು ಮೂಲ ಕಾರ್ಯಕ್ರಮದ ಪುಟಕ್ಕೇ ಸೇರಿಸಬೇಕು. ತನ್ನ ದನಿ ರೇಡಿಯೋದಲ್ಲಿ ಬಂತೆಂದು ಆಕೆ ಆ ಕೊಂಡಿಯನ್ನು ಕುಟುಂಬದ ಗುಂಪಿಗೆ ಕಳುಹಿಸದೆ ಇರುವುದಿಲ್ಲ. ಯಾವ ಜಾಹೀರಾತೂ ತರದಷ್ಟು ಹೊಸ ಕೇಳುಗರನ್ನು ಅದು ತರುತ್ತದೆ.

ಗ್ರಾಂಥಿಕ ಕನ್ನಡದಲ್ಲಿ ಕೇಳದ ಪ್ರಶ್ನೆಯನ್ನು ತಿದ್ದಿ ಓದುವ ಚಪಲ ಉದ್ಘೋಷಕರಿಗೆ ಇರುತ್ತದೆ. ಹಾಗೆ ಮಾಡುವುದು ಬೇಡ.

ಕೇಳುಗರನ್ನು ವಾಟ್ಸಾಪ್ ಗುಂಪಿಗೆ ಸೇರಿಸುವ ಮೊದಲು ಎರಡು ಸಲ ಯೋಚಿಸಿ. ಗುಂಪಿನಲ್ಲಿ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಕಾಣುತ್ತದೆ; ಅದರಿಂದ ಹೆಣ್ಣುಮಕ್ಕಳಿಗೆ ಅಪರಿಚಿತರ ಕರೆಗಳು ಬರಲಾರಂಭಿಸಿದರೆ ನಿಲಯದ ಮೇಲಿನ ವಿಶ್ವಾಸವೇ ಹೋಗುತ್ತದೆ. ನಂಬರು ಕಾಣಿಸದ ವಾಟ್ಸಾಪ್ ಚಾನೆಲ್ ಸೌಲಭ್ಯ 2023ರಿಂದ ನಮ್ಮಲ್ಲಿಯೂ ಇದೆ. ದಿನದ ಕಾರ್ಯಕ್ರಮ ಪಟ್ಟಿ ಮತ್ತು ಹೊಸ ಧ್ವನಿಮುದ್ರಣಗಳ ಕೊಂಡಿ ಹಂಚಲು ಅದು ಸಾಕು. ಬಂದ ನಂಬರುಗಳನ್ನು ಪ್ರಾಯೋಜಕರಿಗೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿರೋ ಅದಕ್ಕಷ್ಟೇ ಬಳಸಬೇಕು. 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಶಾಲಾ ಮಕ್ಕಳ ಕಾರ್ಯಕ್ರಮದ ಚಿತ್ರಗಳನ್ನು ಹಾಕುವಾಗ ಮುಖ್ಯೋಪಾಧ್ಯಾಯರ ಒಪ್ಪಿಗೆಯೇ ಸಾಕೆಂದು ತಿಳಿಯುವುದು ಸರಿಯಲ್ಲ.

ಹಂತ 7: ದಸರೆಯಂಥ ದಿನಗಳು

ವರ್ಷದಲ್ಲಿ ಕೆಲವು ದಿನ ಜಾಲತಾಣಕ್ಕೆ ದಟ್ಟಣೆ ಒಮ್ಮೆಲೇ ಏರುತ್ತದೆ. ಜಂಬೂಸವಾರಿಯ ವೀಕ್ಷಕ ವಿವರಣೆ ಅಂಥದ್ದು. ನಿಮ್ಮ ನಿಲಯವೂ ಮೆರವಣಿಗೆಯ ದಾರಿಯಿಂದ ಏನಾದರೂ ಕೊಡುವುದಾದರೆ, ಅದಕ್ಕೊಂದು ಪ್ರತ್ಯೇಕ ಹಗುರ ಪುಟ ಮಾಡಿ. ಚಿತ್ರಗಳಿಲ್ಲದೆ ಕೇಳುವ ಗುಂಡಿ ಮತ್ತು ಸಮಯ ಮಾತ್ರ ಅಲ್ಲಿರಲಿ. ಸಾವಿರ ಮಂದಿ 32 ಕಿಲೋಬಿಟ್‌ನಲ್ಲಿ ಕೇಳಿದರೂ ಸೆಕೆಂಡಿಗೆ 32 ಮೆಗಾಬಿಟ್ ಬೇಕಾದ್ದರಿಂದ ಸರ್ವರ್ ಕೊಡುವವರೊಂದಿಗೆ ವಾರ ಮೊದಲೇ ಮಾತಾಡಿಕೊಳ್ಳಬೇಕು. ಇಲ್ಲಿ ಮಧ್ಯಾಹ್ನ 2:30 ಆಗಿರುವಾಗ ಅಕ್ಟೋಬರಿನ ನ್ಯೂಯಾರ್ಕಿನಲ್ಲಿ ಬೆಳಗಿನ ಜಾವ 5, ಕ್ಯಾಲಿಫೋರ್ನಿಯಾದಲ್ಲಿ ನಡುರಾತ್ರಿ ಕಳೆದು 2. ಅಲ್ಲಿನ ಕನ್ನಡಿಗರು ನೇರವಾಗಿ ಕೇಳುವುದಕ್ಕಿಂತ ಎದ್ದ ಮೇಲೆ ಕೇಳುವುದೇ ಹೆಚ್ಚು, ಆದ್ದರಿಂದ ಧ್ವನಿಮುದ್ರಣ ಅದೇ ಸಂಜೆ ಪುಟಕ್ಕೆ ಬರಬೇಕು. ಎರಡು ದಿನ ಬಿಟ್ಟು ಹಾಕಿದರೆ ಕೇಳುವವರಿಲ್ಲ. ಪ್ರವಾಹದ ದಿನಗಳಲ್ಲಿಯೂ ಇದೇ ಹಗುರ ಪುಟವನ್ನು ಬಳಸಿ, ಜಿಲ್ಲಾಡಳಿತದ ಸೂಚನೆಗಳನ್ನು ಹೊರಡಿಸಿದ ಸಮಯದ ಸಮೇತ ಹಾಕಬಹುದು.

ಸುದ್ದಿಯ ಬಗ್ಗೆ ಒಂದು ಮಾತು. ಸಮುದಾಯ ಬಾನುಲಿಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು ಅಷ್ಟೆ. ಪ್ರಸಾರದಲ್ಲಿ ಹೇಳಲಾಗದ್ದನ್ನು ಜಾಲತಾಣದ ಹಿಂಬಾಗಿಲಿನಿಂದ ಹೇಳಲು ಹೋಗಿ ಅನುಮತಿಗೇ ಕುತ್ತು ತಂದುಕೊಳ್ಳುವುದು ಜಾಣತನವಲ್ಲ.

ಹಂತ 8: ಲೆಕ್ಕ ಮತ್ತು ನಿರ್ವಹಣೆ

ಪುಟ ನೋಡಿದವರ ಸಂಖ್ಯೆಯನ್ನು ತೋರಿಸುವ ಕೌಂಟರನ್ನು ಮುಖಪುಟದಿಂದ ತೆಗೆದುಬಿಡಿ. ಸರ್ವರ್ ದಾಖಲೆಗಳಿಂದ ತಿಂಗಳಿಗೊಮ್ಮೆ ಇಷ್ಟನ್ನು ಬರೆದಿಟ್ಟುಕೊಂಡರೆ ಸಾಕು: ದಿನದ ಯಾವ ಹೊತ್ತಿನಲ್ಲಿ ಸ್ಟ್ರೀಮ್ ಕೇಳುಗರು ಹೆಚ್ಚು, ಸರಾಸರಿ ಎಷ್ಟು ಹೊತ್ತು ಕೇಳುತ್ತಾರೆ, ಕಪಾಟಿನಲ್ಲಿ ಯಾವುದನ್ನು ಮತ್ತೆ ಮತ್ತೆ ತೆರೆಯುತ್ತಾರೆ, ಹುಡುಕಿಯೂ ಸಿಗದೆ ಹೋದ ಪದಗಳು ಯಾವುವು. ಕೊನೆಯದು ಮುಂದಿನ ತಿಂಗಳ ಕಾರ್ಯಕ್ರಮಗಳಿಗೆ ಸಿದ್ಧ ಪಟ್ಟಿ. ಇವುಗಳ ಪಕ್ಕದಲ್ಲಿ ಇನ್ನೆರಡು ಅಂಕಿಗಳಿರಲಿ: ಎಷ್ಟು ಸಂದೇಶ ಬಂದವು, ಅವುಗಳಲ್ಲಿ ಎಷ್ಟು ಪ್ರಸಾರವಾದವು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಹಿಂದೆ ಬಿದ್ದಿದ್ದರೆ ವಿನ್ಯಾಸಕ್ಕೆ ಹಣ ಸುರಿಯುವ ಬದಲು ಸಂದೇಶ ಕೇಳಿ ವಿಂಗಡಿಸಲು ಒಬ್ಬ ಸ್ವಯಂಸೇವಕರನ್ನು ಹುಡುಕಿ.

ಖರ್ಚಿನ ವಿಷಯದಲ್ಲಿ, ಸಮುದಾಯ ಬಾನುಲಿಗಳು ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಪ್ರಸಾರ ಮಾಡಲು 2024ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಅದಕ್ಕೂ ಮೊದಲು 7 ನಿಮಿಷವಿತ್ತು. ಸರ್ವರ್ ಬಾಡಿಗೆಯನ್ನು ಊರಿನ ಒಬ್ಬ ಪ್ರಾಯೋಜಕರ ಹೆಸರಿಗೆ ಹೊಂದಿಸುವುದು ಕಷ್ಟವಾಗಲಾರದು. ಡೊಮೇನ್ ಮತ್ತು ಸರ್ವರ್ ಖಾತೆಗಳನ್ನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲ್‌ನಲ್ಲಿ ನೋಂದಾಯಿಸಿ, ಜಾಲತಾಣ ಮಾಡಿಕೊಟ್ಟ ಹುಡುಗನ ಸ್ವಂತ ಖಾತೆಯಲ್ಲಿ ಬೇಡ. ನವೀಕರಣದ ದಿನಾಂಕ, ಪಾಸ್‌ವರ್ಡ್‌ಗಳು, ವಾಟ್ಸಾಪ್ ಸಿಮ್‌ನ ರೀಚಾರ್ಜ್ ತಾರೀಖು, ಇವನ್ನು ಬರೆದ ಪುಸ್ತಕವೊಂದು ನಿಲಯದ ಮುಖ್ಯಸ್ಥರ ಬೀರುವಿನಲ್ಲಿರಲಿ. ಧ್ವನಿಮುದ್ರಣಗಳ ಮೂಲ ಪ್ರತಿ ನಿಲಯದ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಇನ್ನೊಂದು ಇರಬೇಕು, ಮತ್ತು ಆರು ತಿಂಗಳಿಗೊಮ್ಮೆ ಎರಡನೆಯದರಿಂದ ಯಾವುದಾದರೂ ಒಂದು ಕಡತ ತೆರೆದು ಅದು ನಿಜಕ್ಕೂ ಕೇಳಿಸುತ್ತದೆಯೇ ಎಂದು ನೋಡಬೇಕು.